ತೊಟ್ಟಿಯೊಳಗಿನ ದೊರೆಸಾನಿ

ಗ್ರೆಬಿನಾ ದ್ವೀಪದ ಗಂಡಸರಿಗೆ ಊಟವಾದ ಮೇಲೆ ಒಂದು ಕೆಲಸವಿದೆ. ಜಗಲಿಯ ಮೇಲೆ ಕುಳಿತು, ಎದುರಿಗೇ ಕಾಣುವ ವ್ರಾನಿಕ್ ದ್ವೀಪವನ್ನು ತಮ್ಮ ದ್ವೀಪದ ಜೊತೆ ಹೋಲಿಸಿ ದಿನವೂ ಸೋಲಿಸುವುದು. ಈ ಕೆಲಸದಲ್ಲಿ ರೋಕೊನನ್ನು ಮೀರಿಸುವವರು ಇರಲಿಲ್ಲ. ಸರಕು ಹಡಗುಗಳಲ್ಲಿ ಆಯುಸ್ಸೆಲ್ಲ ದುಡಿದು ನಿವೃತ್ತನಾಗಿ ಬಂದವನಿಗೆ ಉಳಿದಿದ್ದ ಉದ್ಯೋಗವೇ ಅದು. ವ್ರಾನಿಕ್‌ಗೆ ಮುಖ್ಯ ಭೂಮಿಯಿಂದ ಸೇತುವೆ ಇದೆಯೇ? ಇರಲಿ, ಕಳ್ಳರೂ ಅದರ ಮೇಲೇ ಬರುತ್ತಾರೆ. ಔಷಧಿ ಅಂಗಡಿ ಇದೆಯೇ? ಇರಲೇಬೇಕು, ಅಲ್ಲಿ ಎಲ್ಲರಿಗೂ ಕಾಯಿಲೆ. ನಲ್ಲಿಯಲ್ಲಿ ನೀರು ಬರುತ್ತದೆಯೇ? ಮೂಗಿನ ಹತ್ತಿರ ಹಿಡಿದು ನೋಡಿ, ಆಸ್ಪತ್ರೆಯ ವಾಸನೆ.

ಹೀಗಿರುವಾಗ ಮೇ ತಿಂಗಳ ಒಂದು ಬೆಳಗ್ಗೆ ಜಿಲ್ಲಾ ಕಚೇರಿಯಿಂದ ಹುಡುಗಿಯೊಬ್ಬಳು ಬಂದು, "ಎರಡೂ ದ್ವೀಪಗಳಲ್ಲಿ ಜನ ಹೇಗೆ ಬದುಕ್ತಿದಾರೆ ಅಂತ ಮನೆಮನೆಗೆ ಹೋಗಿ ಕೇಳ್ತಿದೀವಿ" ಎಂದಾಗ ರೋಕೊಗೆ ಕುರ್ಚಿ ಎಳೆದು ಹಾಕುವಷ್ಟು ಸಂತೋಷವಾಯಿತು. ಅವನು ಯಾರಿಗೂ ಕುರ್ಚಿ ಎಳೆದು ಹಾಕಿದವನಲ್ಲ.

"ಬರ್ಬಾ, ಇಲ್ಲಿನ ಬದುಕಿಗೆ ಹತ್ತಕ್ಕೆ ಎಷ್ಟು ಕೊಡ್ತೀರಿ?" ಎಂದಳು ಹುಡುಗಿ. ಆ ಕಡೆ ವಯಸ್ಸಾದ ಗಂಡಸರನ್ನು ಬರ್ಬಾ ಎಂದೇ ಕರೆಯುವುದು.

"ಹತ್ತು. ಹನ್ನೊಂದು ಇದ್ರೆ ಹನ್ನೊಂದು ಹಾಕು."

"ಮನೇಲಿ ಉಳಿದವರು?"

"ಅವರದ್ದೂ ಹತ್ತೇ. ನಮ್ಮನೇಲಿ ತಲೆಗೊಂದು ಅಭಿಪ್ರಾಯ ಇಲ್ಲ."

"ನೀರು ಹೇಗೆ?"

"ಮಳೆ ನೀರಮ್ಮ. ಆಕಾಶದಿಂದ ಸೀದಾ ನಮ್ಮ ತೊಟ್ಟಿಗೆ. ವ್ರಾನಿಕ್‌ನೋರಿಗೆ ಬಿಲ್ ಬರುತ್ತೆ, ನಮಗೆ ಮೋಡ ಬರುತ್ತೆ."

ಅದೇ ಹೊತ್ತಿಗೆ ಅವನ ಹೆಂಡತಿ ದೊಬ್ರಿಲಾ ಎರಡೂ ಕೈಯಲ್ಲಿ ಬಕೆಟ್ ಹಿಡಿದು ಕೆಳಗಿನ ಅಂಗಳದಿಂದ ಮೆಟ್ಟಿಲು ಹತ್ತಿ ಬಂದಳು. ಬಕೆಟ್ಟುಗಳನ್ನು ಕೆಳಗಿಟ್ಟು ಸೊಂಟ ನೇರ ಮಾಡಿಕೊಂಡಳು.

"ನನ್ನದು ಎರಡು ಅಂತ ಬರ್ಕೊ."

"ಎರಡು ಬಕೆಟ್ಟಾ?" ಹುಡುಗಿ ಗಲಿಬಿಲಿಗೊಂಡಳು.

"ಹತ್ತಕ್ಕೆ ಎರಡು. ಒಂದು ಗಾಳಿಗೆ, ಒಂದು ಅಂಜೂರಕ್ಕೆ. ಮಿಕ್ಕಿದ್ದು ಈ ಮೆಟ್ಟಿಲ ಮೇಲೆ ಹೋಯ್ತು."

"ತಮಾಷೆ ಮಾಡ್ತಾಳೆ," ಎಂದು ರೋಕೊ ನಕ್ಕ.

"ತಮಾಷೆ ಅಲ್ಲ. ಈ ಮನೇಲಿ ಉಳಿದವರು ಏನಂತಾರೆ ಅಂತ ಮೊದಲನೇ ಸಲ ಯಾರೋ ಕೇಳಿದಾರೆ. ಉಳಿದವರೇ ಹೇಳ್ತಾ ಇದಾರೆ. ಎರಡು."

ಹುಡುಗಿ ಗಂಡನ ಮುಖ ನೋಡಿದಳು, ಹೆಂಡತಿಯ ಮುಖ ನೋಡಿದಳು, ಎರಡನ್ನೂ ಬರೆದುಕೊಂಡು ಕಾಫಿಗೂ ಕಾಯದೆ ಹೊರಟುಹೋದಳು.

ತೊಟ್ಟಿಯ ಸಂಗತಿ ಹೀಗೆ. ಚಾವಣಿಯ ಮೇಲೆ ಬಿದ್ದ ಮಳೆ ಕಲ್ಲಿನ ಕಾಲುವೆಯಲ್ಲಿ ಹರಿದು ಅಂಗಳದ ಕೆಳಗಿನ ತೊಟ್ಟಿಗೆ ಇಳಿಯುತ್ತಿತ್ತು. ಅಡಿಗೆಮನೆ ಇದ್ದದ್ದು ಮೇಲೆ. ನಡುವೆ ಕಡಿದಾದ ಮೆಟ್ಟಿಲು. ಮದುವೆಯಾಗಿ ಬಂದ ಲಾಗಾಯ್ತು, ಹೆಚ್ಚುಕಮ್ಮಿ ನಲವತ್ತು ವರ್ಷ, ಆ ನೀರನ್ನು ಸೇದಿ ಹೊತ್ತವಳು ದೊಬ್ರಿಲಾ. ಊರಿನ ಬಹುಪಾಲು ಮನೆಗಳಲ್ಲಿ ಪಂಪು ಬಂದು ಎಷ್ಟೋ ಕಾಲವಾಗಿತ್ತು. ಈ ಮನೆಗೆ ಬಾರದಿದ್ದುದಕ್ಕೆ ಕಾರಣ ಒಂದು ಹಾವುಮೀನು.

ಹಿಂದೆಲ್ಲ ಗ್ರೆಬಿನಾದವರು ತೊಟ್ಟಿಗೆ ಒಂದು ಜೀವಂತ ಹಾವುಮೀನು ಬಿಡುತ್ತಿದ್ದರು. ಅದು ಹುಳಹುಪ್ಪಟೆ ತಿಂದು ನೀರನ್ನು ಚೊಕ್ಕಟವಾಗಿ ಇಡುತ್ತದೆ. ರೋಕೊನ ಅಜ್ಜ ಬಿಟ್ಟಿದ್ದ ಮೀನಿಗೆ ಮನೆಯವರು ಇಟ್ಟ ಹೆಸರು ದೊರೆಸಾನಿ. ಪಂಪಿನ ಸದ್ದಿಗೆ ದೊರೆಸಾನಿ ಬೆದರುತ್ತಾಳೆ, ಕೊಳವೆಗೆ ಸಿಕ್ಕಿ ಸಾಯುತ್ತಾಳೆ, ಅವಳು ಸತ್ತರೆ ನೀರು ಸತ್ತ ಹಾಗೆ. ಇದು ರೋಕೊನ ವಾದ. ಅವಳನ್ನು ಕಣ್ಣಾರೆ ನೋಡಿ ಎಷ್ಟು ಕಾಲವಾಯಿತೆಂದು ಯಾರಾದರೂ ಕೇಳಿದರೆ, "ಮರ್ಯಾದಸ್ಥ ಹೆಂಗಸರು ಪದೇ ಪದೇ ಹೊರಗೆ ಬರಲ್ಲ" ಎನ್ನುತ್ತಿದ್ದ.

ಆ ರಾತ್ರಿ ಊಟಕ್ಕೆ ಬ್ಲಿತ್ವಾ, ಅಂದರೆ ಆಲೂಗಡ್ಡೆ ಹಾಕಿ ಬೇಯಿಸಿದ ಸೊಪ್ಪು, ಮೇಲೆ ಎಣ್ಣೆ ಬೆಳ್ಳುಳ್ಳಿ. ಮಗಳು ನಿವೆಸ್ ವ್ರಾನಿಕ್‌ನ ಬೇಕರಿಯಲ್ಲಿ ಕೆಲಸ ಮುಗಿಸಿ ಸಂಜೆಯ ದೋಣಿಗೆ ಬಂದಿದ್ದಳು. ರೋಕೊನ ತಾಯಿ ಲುತ್ಸೆ, ತೊಂಬತ್ತರ ಹತ್ತಿರದ ಮುದುಕಿ, ಬ್ರೆಡ್ಡನ್ನು ಎಣ್ಣೆಯಲ್ಲಿ ಅದ್ದಿ ವಸಡಿನಲ್ಲೇ ಅಗಿಯುತ್ತಿದ್ದಳು.

"ಊರಿನ ಮಾನ ತೆಗೆದೆ," ಎಂದ ರೋಕೊ. "ಎರಡಂತೆ! ಆ ಹುಡುಗಿ ಇದನ್ನ ವ್ರಾನಿಕ್‌ನಲ್ಲಿ ಹೇಳದೆ ಬಿಡ್ತಾಳಾ?"

"ಆಗ್ಲೇ ಹೇಳಿದಾಳೆ ಅಪ್ಪ," ಎಂದಳು ನಿವೆಸ್. "ಬೇಕರೀಲಿ ಎಲ್ಲರಿಗೂ ಗೊತ್ತು. ಗ್ರೆಬಿನಾದಲ್ಲಿ ಒಂದೇ ಮನೇಲಿ ಹತ್ತೂ ಇದೆ, ಎರಡೂ ಇದೆ ಅಂತ ನಗ್ತಿದ್ರು."

"ನೋಡು, ನೋಡು!"

"ನೋಡೋದೇನಿಲ್ಲ," ಎಂದಳು ದೊಬ್ರಿಲಾ. "ನಾನು ಚಿನ್ನ ಕೇಳ್ಲಿಲ್ಲ, ಪ್ರವಾಸ ಕೇಳ್ಲಿಲ್ಲ. ಪಂಪು ಹಾಕ್ಸು ಅಂದೆ. ಇವತ್ತು ಕೊನೇ ಸಲ ಅಂತೀನಿ. ಪಂಪು ಬರ್ಬೇಕು, ಇಲ್ಲಾ ನಾನು ವ್ರಾನಿಕ್‌ಗೆ, ನಮ್ಮಕ್ಕನ ಮನೆಗೆ ಹೋಗಿ ಇದ್ದುಬಿಡ್ತೀನಿ."

"ದೊರೆಸಾನಿ ಗತಿ?"

"ಈ ಮನೇಲಿ ನಿನ್ನನ್ನ ನಂಬ್ಕೊಂಡು ಇಬ್ರಿದೀವಿ. ಒಬ್ಬಳು ದಿನವೆಲ್ಲ ನೀರಲ್ಲಿ ಈಜ್ತಾಳೆ, ಇನ್ನೊಬ್ಬಳು ಆ ನೀರು ಹೊರ್ತಾಳೆ. ಯಾರು ಬೇಕು ಅಂತ ಹೇಳಿಬಿಡು."

ನಿವೆಸ್ ಕಿಸಕ್ಕನೆ ನಕ್ಕಳು. ಲುತ್ಸೆ ಮಾತ್ರ ತಟ್ಟೆಯಿಂದ ಮುಖ ಎತ್ತದೆ, "ಬ್ರೆಡ್ಡು ಇತ್ಲಾಗೆ ತಳ್ಳು," ಎಂದಳು.

ಮರುದಿನದಿಂದ ದೊಬ್ರಿಲಾ ತನಗೂ ಅತ್ತೆಗೂ ಬೇಕಾದಷ್ಟು ಮಾತ್ರ ನೀರು ಸೇದತೊಡಗಿದಳು. ಮೇಜಿನ ಮೇಲೆ ಸೂಪು ಕಾಣೆಯಾಯಿತು. ಬೇಯಿಸಿದ ಕಾಳು ಕಾಣೆಯಾಯಿತು. ಉಪ್ಪುಮೀನು, ಚೀಸು, ಒಣ ಅಂಜೂರ, ನಿನ್ನೆಯ ಬ್ರೆಡ್ಡು ಬಂದವು. ಗಂಡನ ಅಂಗಿಗಳು ಬುಟ್ಟಿಯಲ್ಲಿ ಬೆಟ್ಟವಾದವು. ರೋಕೊ ಮೊದಲ ವಾರ ಏನೂ ಆಗಿಲ್ಲವೆಂಬಂತೆ ಉಪ್ಪುಮೀನು ತಿಂದ. ಎರಡನೆಯ ವಾರ ಬಾಯಿ ಬಿಟ್ಟ.

"ವೈನಿಗೆ ನೀರು ಬೆರೆಸಿಲ್ಲ."

"ನೀರಿಲ್ಲ."

"ತೊಟ್ಟಿ ತುಂಬ ಇದೆ!"

"ತೊಟ್ಟೀಲಿ ಇದೆ. ಮೇಜಿನ ಮೇಲಿಲ್ಲ. ತೊಟ್ಟಿಗೂ ಮೇಜಿಗೂ ನಡುವೆ ಒಬ್ಬಳು ಇದ್ದಳು. ಅವಳಿಗೆ ಸಾಕಾಯ್ತು."

"ನೀರಿಲ್ಲದ ವೈನು ಕುಡಿದ್ರೆ ನನಗೆ ಮಧ್ಯಾಹ್ನವೇ ತಲೆ ತಿರುಗುತ್ತೆ."

"ತಿರುಗ್ಲಿ. ಒಂದ್ಸಲ ನನ್ನ ಕಡೆಗೆ ತಿರುಗಿದ್ರೆ ಸಾಕು."

ರೋಕೊ ಮುಖ ಗಂಟಿಕ್ಕಿಕೊಂಡು ಹೊರಗೆ ಹೋಗಿ, ವ್ರಾನಿಕ್‌ನ ಕಡೆ ನೋಡುತ್ತ ಕುಳಿತ. ಪಂಪಿನ ಮಾತು ಬರಲಿಲ್ಲ. ಜೂನ್ ಮೊದಲ ವಾರ ದೊಬ್ರಿಲಾ ಚೀಲ ಕಟ್ಟಿದಳು.

"ಅಮ್ಮನ್ನ ಯಾರು ನೋಡ್ಕೋತಾರೆ?" ಎಂದ ರೋಕೊ. ಅವನಿಗೆ ಉಳಿದಿದ್ದ ಕೊನೆಯ ಅಸ್ತ್ರ ಅದು.

ಉತ್ತರ ಕೊಟ್ಟವಳು ಲುತ್ಸೆ. "ನನ್ನ ಮಗ ಇದಾನಲ್ಲ, ಕೈಕಾಲು ಗಟ್ಟಿಯಾಗಿದೆ. ನೀನು ಹೋಗಿ ಬಾ."

"ಎರಡು ದಿನಕ್ಕೆ ವಾಪಸ್ ಬರ್ತಾಳೆ ನೋಡ್ತಿರು," ಎಂದು ಅವನು ಬೆನ್ನ ಹಿಂದೆ ಕೂಗಿದ. "ಆ ನೀರು ಕುಡಿದು ಹೊಟ್ಟೆ ಕೆಡಿಸ್ಕೊಂಡು!"

ಹೊಟ್ಟೆ ಕೆಡಲಿಲ್ಲ. ವ್ರಾನಿಕ್‌ನ ಮೊದಲ ದಿನ ದೊಬ್ರಿಲಾ ಸ್ನಾನದ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ನಿಂತಳು. ಬಿಸಿನೀರು ಬೆನ್ನ ಮೇಲೆ ಬೀಳುತ್ತಲೇ ಇತ್ತು, ಯಾರೂ ಅದನ್ನು ಹೊತ್ತು ತಂದಿರಲಿಲ್ಲ. ಅವಳಿಗೆ ಅಳು ಬಂತು. ಇಷ್ಟು ಸುಲಭದ ಸಂಗತಿಯನ್ನು ಇಷ್ಟು ವರ್ಷ ತನ್ನಿಂದ ದೂರವಿಟ್ಟರಲ್ಲ ಎಂದು ಸಿಟ್ಟೂ ಬಂತು. ಅಕ್ಕ ವಿಂಕಾ ಬಾಗಿಲು ತಟ್ಟಿ, "ಏನೇ, ಒಳಗೆ ಕರಗಿ ಹೋದ್ಯಾ?" ಎಂದ ಮೇಲೆಯೇ ಹೊರಗೆ ಬಂದದ್ದು.

ವಿಂಕಾ ವಿಧವೆ. ಎರಡು ಮಹಡಿಯ ಮನೆ, ಸಮುದ್ರಕ್ಕೆ ಮುಖ. ನಾಲ್ಕು ಹೆಜ್ಜೆಗೆ ಔಷಧಿ ಅಂಗಡಿ, ಎದುರಿಗೇ ಬಸ್ಸು, ಬೆಳಗ್ಗೆ ಬಿಸಿ ಬ್ರೆಡ್ಡು. ಮೊದಲ ವಾರ ದೊಬ್ರಿಲಾ ಎಲ್ಲದಕ್ಕೂ ಬೆರಗಾದಳು. ಎರಡನೆಯ ವಾರ ಮನೆ ಬಾಡಿಗೆ ಹಿಡಿದ ಪ್ರವಾಸಿಗರು ಬಂದರು. ಅಕ್ಕ ತಂಗಿಯರು ಹಾಸಿಗೆ ಎತ್ತಿಕೊಂಡು ಗ್ಯಾರೇಜಿಗೆ ಇಳಿದರು.

"ಇಲ್ಲಿ ಎಲ್ಲರೂ ಹೀಗೇ," ಎಂದಳು ವಿಂಕಾ, ಹಳೆಯ ಟೈರುಗಳ ಪಕ್ಕ ಮಂಚ ಬಿಡಿಸುತ್ತ. "ಸೆಪ್ಟೆಂಬರ್ ತನಕ ಮನೆ ಅವರದ್ದು. ಆಮೇಲೆ ನಮ್ಮದು."

"ಆಮೇಲೆ ಚಳಿಗಾಲ."

"ಹೂಂ, ಚಳಿಗಾಲ ಪೂರ್ತಿ ನಮ್ಮದೇ."

ಬೆಳಗಾದರೆ ಚಾದರ ಬಿಚ್ಚು, ಚಾದರ ಒಗೆ, ಚಾದರ ಹಾಸು. ನೀರು ನಲ್ಲಿಯಲ್ಲಿ ಬರುತ್ತಿತ್ತು ನಿಜ, ಆದರೆ ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಮೇಲಿನ ತಾರಸಿಗೆ ಹತ್ತಬೇಕಿತ್ತು. ಅಲ್ಲೂ ಮೆಟ್ಟಿಲು. ಮಧ್ಯಾಹ್ನದ ಊಟ ನಿಂತುಕೊಂಡೇ, ಡಬ್ಬಿಯ ಟೂನಾ ಮೀನು. ಪಕ್ಕದ ಮನೆಯವಳು ಬೇಲಿಯಾಚೆ ಓಡಾಡುತ್ತಿದ್ದಳು, ಅವಳ ಕೈಯಲ್ಲೂ ಚಾದರ. ಕೈ ಬೀಸಲೂ ಪುರುಸೊತ್ತಿಲ್ಲ.

"ಆ ಜಿಲ್ಲಾ ಕಚೇರಿ ಹುಡುಗಿಗೆ ನೀನೆಷ್ಟು ಕೊಟ್ಟೆ?" ಎಂದು ಒಂದು ದಿನ ಕೇಳಿದಳು ದೊಬ್ರಿಲಾ.

"ಎಂಟು."

"ಗ್ಯಾರೇಜಲ್ಲಿ ಮಲಗಿ ಎಂಟಾ?"

"ಮನೆ ಹೇಗಿದೆ ಅಂದ್ಲು, ಎಂಟು ಅಂದೆ. ನಾನೆಲ್ಲಿ ಮಲಗ್ತೀನಿ ಅಂತ ಕೇಳ್ಲಿಲ್ಲ." ವಿಂಕಾ ದಿಂಬಿಗೆ ಗವಸು ತುರುಕಿದಳು. "ನಗಬೇಡ. ನನಗೆ ಇದರ ದುಡ್ಡು ಬರುತ್ತೆ. ನಿನಗೆ ಏನು ಬಂತು?"

ದೊಬ್ರಿಲಾ ಒದ್ದೆ ಬಟ್ಟೆಯ ಬುಟ್ಟಿ ಎತ್ತಿಕೊಂಡು ತಾರಸಿಗೆ ಹತ್ತಿದಳು. ಆ ಸಂಜೆ ಕೆಲಸಕ್ಕೆ ವಿಂಕಾ ಕೈಗೆ ಕೊಟ್ಟ ಕೂಲಿಯನ್ನು ತೆಗೆದುಕೊಂಡು ಚೀಲದ ತಳದಲ್ಲಿ ಇಟ್ಟಳು. ತನ್ನದೇ ದುಡಿಮೆಯ ಹಣ ಅವಳ ಕೈಗೆ ಬಂದದ್ದು ಅದೇ ಮೊದಲು.

ರೋಕೊ ಆಗಾಗ ಫೋನು ಮಾಡುತ್ತಿದ್ದ. ಬಾ ಎನ್ನುತ್ತಿರಲಿಲ್ಲ. "ಉಪ್ಪು ಎಲ್ಲಿಟ್ಟಿದೀಯ?" ಎನ್ನುತ್ತಿದ್ದ. ಇನ್ನೊಂದು ದಿನ, "ಈ ಅನ್ನಕ್ಕೆ ನೀರು ಎಷ್ಟು?" ಎಂದ. "ನೀನು ಹೊತ್ತು ತಂದಷ್ಟು," ಎಂದು ದೊಬ್ರಿಲಾ ಫೋನಿಟ್ಟಳು.

ನಿಜವಾದ ಸುದ್ದಿ ಸಿಕ್ಕಿದ್ದು ಬೇಕರಿಯಲ್ಲಿ, ನಿವೆಸ್‌ಳಿಂದ. ಬ್ರೆಡ್ಡು ಕಟ್ಟಿಕೊಡುವಾಗ ಮಗಳ ಅಂಗೈ ನೋಡಿ ದೊಬ್ರಿಲಾ ಅವಳ ಕೈ ಹಿಡಿದುಕೊಂಡಳು. ಹಗ್ಗ ಉಜ್ಜಿ ಕೆಂಪಾಗಿ ಗುಳ್ಳೆ ಎದ್ದಿತ್ತು.

"ಇದೇನೇ?"

"ಏನಿಲ್ಲ ಬಿಡಮ್ಮ. ಅಪ್ಪಂಗೆ ಸೊಂಟ ನೋವಂತೆ. ಸಂಜೆ ನಾನು ಬರೋ ತನಕ ಬಕೆಟ್ಟುಗಳನ್ನ ಸಾಲಾಗಿ ಇಟ್ಕೊಂಡು ಕಾಯ್ತಾನೆ. ಅಜ್ಜಿಗೆ ಸ್ನಾನ ಆಗ್ಬೇಕು, ಪಾತ್ರೆ ಇರುತ್ತೆ..."

"ನೀನು ಯಾಕೆ ಹೊತ್ತೆ?"

"ಇನ್ಯಾರು ಹೊರ್ತಾರೆ? ನೀನಿಲ್ವಲ್ಲ."

ಆ ಮಾತಿಗೆ ದೊಬ್ರಿಲಾಳ ಮೈ ಉರಿದುಹೋಯಿತು. ಅತ್ತೆಯ ಕೈಯಿಂದ ತನ್ನ ಕೈಗೆ ಬಂದ ಹಗ್ಗ, ತಾನು ಬಿಟ್ಟ ಮಾತ್ರಕ್ಕೆ ಗಂಡಸಿನ ಕೈಗೆ ಹೋಗಿರಲಿಲ್ಲ. ಸೀದಾ ಮಗಳ ಕೈಗೆ ಹೋಗಿತ್ತು. ಅವಳು ಬ್ರೆಡ್ಡನ್ನು ಅಲ್ಲೇ ಬಿಟ್ಟು, ಅಕ್ಕನ ಮನೆಗೆ ಹೋಗಿ ಚೀಲದ ತಳದ ಹಣ ತೆಗೆದುಕೊಂಡು ಹಾರ್ಡ್‌ವೇರ್ ಅಂಗಡಿಗೆ ನಡೆದಳು.

"ಒಂದು ನೀರಿನ ಪಂಪು ಬೇಕು. ಹೇಗೆ ಕೂರಿಸೋದು ಅಂತ ನನಗೆ ತೋರಿಸ್ಬೇಕು."

"ಯಜಮಾನರು ಬಂದಿದ್ರೆ ಒಳ್ಳೇದಿತ್ತು," ಎಂದ ಅಂಗಡಿಯವನು.

"ಬಂದಿದಾರೆ. ನಾನೇ."

ಮರುದಿನ ಭಾನುವಾರ. ವಿಂಕಾ ದೋಣಿಕಟ್ಟೆಯ ತನಕ ಕೈಗಾಡಿ ತಳ್ಳಿಕೊಂಡು ಬಂದಳು. "ಸೀಸನ್ ನಡುವೆ ಕೈ ಬಿಟ್ಟು ಹೋಗ್ತೀಯಲ್ಲೇ," ಎಂದು ಬೈದಳು. ದೋಣಿ ಹೊರಡುವಾಗ, "ಆ ರೋಕೊ ತಕರಾರು ತೆಗೆದ್ರೆ ಗ್ಯಾರೇಜಲ್ಲಿ ಮಂಚ ಹಾಗೇ ಇರುತ್ತೆ," ಎಂದಳು.

ಮಧ್ಯಾಹ್ನದ ಊಟದ ಹೊತ್ತಿಗೆ ದೊಬ್ರಿಲಾ, ಗ್ರೆಬಿನಾದ ಕಟ್ಟೆಯಲ್ಲಿ ಕಾದಿದ್ದ ನಿವೆಸ್ ಇಬ್ಬರೂ ಕೈಗಾಡಿಯನ್ನು ಏರು ದಾರಿಯಲ್ಲಿ ತಳ್ಳಿಕೊಂಡು ಅಂಗಳಕ್ಕೆ ಬಂದರು. ಡಬ್ಬದ ಮೇಲಿನ ಚಿತ್ರ ನೋಡಿದ ತಕ್ಷಣ ರೋಕೊ ಇಳಿದು ಬಂದು ತೊಟ್ಟಿಯ ಕಬ್ಬಿಣದ ಮುಚ್ಚಳದ ಮೇಲೆ ಕೂತುಬಿಟ್ಟ.

"ವ್ರಾನಿಕ್ ಸಾಕಾಯ್ತಾ?" ಎಂದ, ಗೆದ್ದವನ ಹಾಗೆ.

"ಸಾಕಾಯ್ತು. ಗ್ರೆಬಿನಾನೂ ಸಾಕಾಗಿದೆ. ಮೂರನೇ ದ್ವೀಪ ಇಲ್ಲ, ಅದಕ್ಕೆ ಇದನ್ನೇ ರಿಪೇರಿ ಮಾಡ್ತೀನಿ. ಏಳು."

"ಏಳಲ್ಲ. ನಮ್ಮಜ್ಜನ ಕಾಲದ ಜೀವ ಇದೆ ಇದರೊಳಗೆ."

ಮೇಲಿನ ಮೆಟ್ಟಿಲ ಮೇಲೆ ಕೋಲು ಊರಿ ನಿಂತಿದ್ದ ಲುತ್ಸೆ ಗಂಟಲು ಸರಿಮಾಡಿಕೊಂಡಳು.

"ಇಲ್ಲ ಕಣೋ."

"ಏನಿಲ್ಲ?"

"ದೊರೆಸಾನಿ ಇಲ್ಲ. ನೀನು ಮದುವೆಯಾದ ವರ್ಷ ಕ್ರಿಸ್‌ಮಸ್ ಹಿಂದಿನ ದಿನ ಹಡಗಿಂದ ರಜಾಕ್ಕೆ ಬಂದಿದ್ಯಲ್ಲ, ಹಬ್ಬಕ್ಕೆ ಮೀನಿಲ್ಲ ಅಂತ ರಂಪ ಮಾಡಿದೆ. ಹೊರಗೆ ಚಳಿಗಾಲದ ಬೂರಾ ಬಿರುಗಾಳಿ, ಒಂದು ದೋಣಿನೂ ಕಡಲಿಗೆ ಇಳಿದಿರ್ಲಿಲ್ಲ. ಎಲ್ಲಿಂದ ತರ್ಲಿ? ಬಕೆಟ್ ಇಳಿಬಿಟ್ಟೆ."

ರೋಕೊ ತಾನು ಕೂತಿದ್ದ ಮುಚ್ಚಳವನ್ನೇ ಬಗ್ಗಿ ನೋಡಿದ.

"ಟೊಮ್ಯಾಟೊ ಹಾಕಿ ಸಾರು ಮಾಡಿದೆ. ಮೂರು ತಟ್ಟೆ ತಿಂದೆ ನೀನು. ಇಂಥಾ ಮೀನು ಎಲ್ಲಿ ಸಿಗ್ತಮ್ಮ ಅಂತ ಬೆರಳು ಚೀಪಿದೆ."

ನಿವೆಸ್ ಬಾಯಿಗೆ ಕೈ ಅಡ್ಡ ಹಿಡಿದರೂ ನಗು ತಡೆಯಲಾಗಲಿಲ್ಲ. ದೊಬ್ರಿಲಾಗೂ ನಗು ಬಂತು, ಆ ಸಾರಿನ ರುಚಿ ನೆನಪಾಯಿತು, ಅವಳೂ ಒಂದು ತಟ್ಟೆ ತಿಂದಿದ್ದಳು. ಆಮೇಲೆ ನಗು ನಿಂತುಹೋಯಿತು.

"ಅತ್ತೆ, ಇಷ್ಟು ವರ್ಷ ನಿಮಗೆ ಗೊತ್ತಿತ್ತು. ನಾನು ಹೊರ್ತಾ ಇದ್ದೆ, ನೀವು ನೋಡ್ತಾ ಇದ್ರಿ."

ಲುತ್ಸೆ ಕಣ್ಣು ತಪ್ಪಿಸಲಿಲ್ಲ. "ನೋಡ್ತಾ ಇದ್ದೆ. ನಾನೂ ಹೊತ್ತವಳೇ. ನನಗೆ ಯಾರೂ ಬೇಡ ಅನ್ಲಿಲ್ಲ, ನಿನಗ್ಯಾಕೆ ಅನ್ಬೇಕು ಅಂತ ಸುಮ್ನಿದ್ದೆ. ಕೆಟ್ಟ ಬುದ್ಧಿ. ಮೊನ್ನೆ ಈ ಹುಡುಗಿ ನನಗೆ ಸ್ನಾನ ಮಾಡಿಸುವಾಗ ಅವಳ ಕೈ ನನ್ನ ಬೆನ್ನಿಗೆ ತರಚಿತು. ಆಗ ನಾಚಿಕೆಯಾಯ್ತು."

ದೊಬ್ರಿಲಾ ಪಂಪಿನ ಡಬ್ಬ ಬಿಚ್ಚತೊಡಗಿದಳು. ಕ್ಷಮಿಸಿದೆ ಎನ್ನುವ ಮಾತು ಬಾಯಿಗೆ ಬರಲಿಲ್ಲ, ಬಂದಂತೆ ನಟಿಸುವ ಮನಸ್ಸೂ ಆಗಲಿಲ್ಲ.

ರೋಕೊ ಕುಳಿತಲ್ಲೇ ಕೆಂಪಗಾಗಿದ್ದ. "ಸರಿ, ಇಲ್ಲದಿದ್ರೆ ಇನ್ನೊಂದು ತಂದು ಬಿಡ್ತೀನಿ."

"ಬಿಡು. ಈ ಸಲ ಅವಳ ಮನೆ ನೀರು ನೀನೇ ಸೇದು," ಎಂದಳು ದೊಬ್ರಿಲಾ.

"ಜನ ಏನಂತಾರೆ ಅಂತ ಯೋಚನೆ ಮಾಡಿದ್ಯಾ? ರೋಕೊನ ಮನೆಗೆ ವ್ರಾನಿಕ್‌ನಿಂದ ಪಂಪು ಬಂತು ಅಂತಾರೆ. ವ್ರಾನಿಕ್‌ನಿಂದ!"

"ಅಂದ್ಕೊಳ್ಲಿ. ಮಳೆ ನಮ್ಮದು, ತೊಟ್ಟಿ ನಮ್ಮದು, ಸೊಂಟ ನನ್ನದು. ಯಂತ್ರ ಒಂದು ಅವರದ್ದು. ಕೇಳು, ರೋಕೊ. ನೀನು ಎದ್ರೆ ನಾನು ಇರ್ತೀನಿ. ಏಳದಿದ್ರೆ ಸಂಜೆ ದೋಣಿಗೆ ನಾನೂ ಹೋಗ್ತೀನಿ, ನಿವೆಸ್‌ನೂ ಕರ್ಕೊಂಡು ಹೋಗ್ತೀನಿ. ಈ ಹಗ್ಗ ಮುಟ್ಟೋ ಹೆಂಗಸು ಇನ್ಮೇಲೆ ಈ ಮನೇಲಿ ಒಬ್ಬಳೂ ಇರಲ್ಲ."

"ಏಳೋ," ಎಂದಳು ಲುತ್ಸೆ, ಮೇಲಿನಿಂದಲೇ. "ದೊರೆಸಾನಿ ನಿನ್ನ ಹೊಟ್ಟೇಲಿ ಕರಗಿ ಎಷ್ಟೋ ವರ್ಷ ಆಯ್ತು. ಇನ್ನು ಯಾರಿಗೆ ಕಾವಲು ಕೂತಿದೀಯ?"

ರೋಕೊ ಎದ್ದ. ಟೋಪಿ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ದೋಣಿಕಟ್ಟೆಯ ಕಡೆ ಇಳಿದುಹೋದ. ತಾಯಿ ಮಗಳು ಸೇರಿ ಮುಚ್ಚಳ ಸರಿಸಿದರು, ಕೊಳವೆ ಇಳಿಸಿದರು, ಎರಡು ಸಲ ತಪ್ಪು ಜೋಡಿಸಿ ಮೂರನೆಯ ಸಲ ಸರಿ ಮಾಡಿದರು. ಸಂಜೆಯ ಹೊತ್ತಿಗೆ ಅಡಿಗೆಮನೆಯ ಹೊಸ ನಲ್ಲಿ ಕೆಮ್ಮಿತು, ಕಂದು ಬಣ್ಣದ ನೀರು ಉಗುಳಿತು, ಆಮೇಲೆ ತಿಳಿಯಾಯಿತು. ದೊಬ್ರಿಲಾ ಪಾತ್ರೆ ತುಂಬ ಬೀನ್ಸ್ ಕಾಳು ಬೇಯಲು ಇಟ್ಟಳು.

ರೋಕೊ ಬೀನ್ಸ್ ತಿಂದ. ನಲ್ಲಿ ಮುಟ್ಟಲಿಲ್ಲ. "ನನಗೆ ಸೇದಿದ ನೀರೇ ಆಗ್ಬೇಕು. ಯಂತ್ರದ ನೀರು ಸತ್ತ ನೀರು," ಎಂದು ಘೋಷಿಸಿದ.

"ತುಂಬ ಒಳ್ಳೇದು," ಎಂದಳು ದೊಬ್ರಿಲಾ. "ಬಕೆಟ್ ಕೆಳಗಿದೆ."

ಹಟ ಅಂದರೆ ಹಟ. ಮರುದಿನ ಬೆಳಗ್ಗೆ ಅವನು ತನ್ನ ಮುಖ ತೊಳೆಯಲು, ತನ್ನ ಅಂಗಿ ಒಗೆಯಲು, ತನ್ನ ವೈನಿಗೆ ಬೆರೆಸಲು ತಾನೇ ನೀರು ಸೇದಿದ. ಅದರ ಮರುದಿನವೂ ಸೇದಿದ. ಊರಿನವರು ಬೇಲಿಯಾಚೆಯಿಂದ ನೋಡಿದರು, ಯಾರೂ ನಗಲಿಲ್ಲ, ನಗಲು ಹೊರಟ ಗಂಡಸರನ್ನು ಅವರವರ ಹೆಂಡತಿಯರು ಒಳಗೆ ಕರೆದುಕೊಂಡರು. ವಾರ ಕಳೆಯುವಷ್ಟರಲ್ಲಿ ರೋಕೊ ಮೆಟ್ಟಿಲ ನಡುವೆ ನಿಲ್ಲತೊಡಗಿದ. ಒಂದು ಬೆಳಗ್ಗೆ ಬಕೆಟ್ಟನ್ನು ಅಲ್ಲೇ ಇಳಿಸಿ, ಕೈ ಬದಲಾಯಿಸಿ, ಮೇಲೆ ಕಿಟಕಿಯಲ್ಲಿ ಸೊಪ್ಪು ತೊಳೆಯುತ್ತಿದ್ದ ಹೆಂಡತಿಯನ್ನು ನೋಡಿದ. ಅವನ ದನಿಯಲ್ಲಿ ಜಗಳ ಇರಲಿಲ್ಲ.

"ದೊಬ್ರಿಲಾ. ಇದು ಯಾವಾಗ್ಲೂ ಇಷ್ಟು ಭಾರ ಇತ್ತಾ?"

"ಇಲ್ಲ," ಎಂದಳು ಅವಳು, ನಲ್ಲಿಯನ್ನು ಇನ್ನಷ್ಟು ತಿರುಗಿಸಿ. "ನೀನು ನಿನ್ನೊಬ್ಬನ ನೀರು ಹೊರ್ತಿದೀಯ. ನಾನು ಹೊತ್ತಿದ್ದು ನಾಲ್ಕು ಜನರದ್ದು."